ಎರಡು ಪದರಿನ ಬಟ್ಟೆ

೧೯೯೮ ನವೆಂಬರ್ ೯, ಸೋಮವಾರ

ಇವತ್ತಿನಿಂದ ನಾನು ದಿನಚರಿ ಬರೆಯುವವನಾದೆ. ರಾತ್ರಿ ನಿದ್ದೆ ಹೇಗಾಯಿತು, ಹಗಲು ಹೇಗಿದ್ದಿರಿ ಎಂದು ಬರೆದಿಡಿ ಅಂತ ಹೈದರಾಬಾದಿನ ಡಾಕ್ಟರು ಹೇಳಿದ್ದಾರೆ. ಆರೋಗ್ಯ ಇಲಾಖೆಯಲ್ಲಿ ಇಷ್ಟು ವರ್ಷ ಊರವರ ಜ್ವರ, ಭೇದಿ, ಹೆರಿಗೆಗಳನ್ನು ಬರೆದ ಹೆಲ್ತ್ ಇನ್‌ಸ್ಪೆಕ್ಟರ್ ಕರಿಬಸಪ್ಪನಿಗೆ ಕೊನೆಗೂ ತನ್ನದೇ ಗೊರಕೆಯನ್ನು ಬರೆಯುವ ಯೋಗ ಬಂತು.

ರೋಗದ ಹೆಸರು ಉದ್ದ, ವಿಷಯ ಚಿಕ್ಕದು. ನಿದ್ದೆಯಲ್ಲಿ ನನ್ನ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ. ಮನೆಯಾಕೆ ಭುಜ ಹಿಡಿದು ಅಲ್ಲಾಡಿಸುತ್ತಾಳೆ, ಉಸಿರು ಬರುತ್ತದೆ, ಮತ್ತೆ ನಿಲ್ಲುತ್ತದೆ. ರಾತ್ರಿಯೆಲ್ಲ ಇದೇ ಸಂಸಾರ. ಹಗಲು ಕೂತಲ್ಲೇ ತೂಕಡಿಕೆ. ನನ್ನ ನೌಕರಿ ಮಸ್ಕಿಯ ಆಸ್ಪತ್ರೆಯಲ್ಲಿ. ಸಿಂಧನೂರಿನಲ್ಲಿ ಬಸ್ ಹತ್ತಿದವನು ಮಸ್ಕಿಯಲ್ಲಿ ಇಳಿಯದೆ, ಲಿಂಗಸೂಗೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ಕೈಯಿಂದ ಎಬ್ಬಿಸಿಕೊಂಡದ್ದು ಎಷ್ಟು ಸಲವೋ. ಅಲ್ಲಿಯ ಚಹಾ ಅಂಗಡಿಯವನು ನನಗೆ ಲಿಂಗಸೂಗೂರಿಗೇ ವರ್ಗವಾಗಿದೆ ಎಂದು ತಿಳಿದಿದ್ದ.

ಈಗ ಅಮೆರಿಕದ ಮಷಿನ್ ಬಂದಿದೆ. ಚಪ್ಪಲಿ ಡಬ್ಬಿಯಷ್ಟು ಗಾತ್ರ, ಅದಕ್ಕೊಂದು ಸೊಂಡಿಲು, ಸೊಂಡಿಲ ತುದಿಗೆ ಮೂಗಿಗೆ ಕಟ್ಟುವ ಬಟ್ಟಲು. ಗಾಳಿಯನ್ನು ಒತ್ತಿ ಗಂಟಲಿಗೆ ತುಂಬುವುದರಿಂದ ಗಂಟಲು ಮುಚ್ಚುವುದಿಲ್ಲವಂತೆ. ಹೈದರಾಬಾದಿನಿಂದ ಬಸ್ಸಿನಲ್ಲಿ ಬರುವಾಗ ಮನೆಯಾಕೆ ಅದನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಸೆರಗು ಮುಚ್ಚಿಕೊಂಡು ಬಂದಳು. ನಾನು ಎಂದಿನಂತೆ ಗೊರಕೆ ಹೊಡೆಯುತ್ತ ಬಂದೆ.

ನವೆಂಬರ್ ೧೫, ಭಾನುವಾರ

ನಿದ್ದೆ ಎಂದರೆ ಇದು ಎಂದು ಈ ವಯಸ್ಸಿಗೆ ಗೊತ್ತಾಯಿತು. ನಿನ್ನೆ ಇಡೀ ಪೇಪರನ್ನು ತೂಕಡಿಸದೆ ಓದಿದೆ. ಓದುವಂಥದ್ದು ಏನೂ ಇರಲಿಲ್ಲ, ಅದು ಬೇರೆ ಮಾತು.

ನಮ್ಮ ಕಡೆ ಯಾರಿಗಾದರೂ ಆರಾಮಿಲ್ಲ ಎಂದರೆ ಜನ ಬ್ರೆಡ್ಡು ಹಿಡಿದುಕೊಂಡು ಮಾತಾಡಿಸಲು ಬರುತ್ತಾರೆ. ನನಗೆ ಆರಾಮಾದ ಮೇಲೆ ಬರುತ್ತಿದ್ದಾರೆ, ಅದೂ ನನ್ನನ್ನಲ್ಲ, ಮಷಿನ್ನನ್ನು ನೋಡಲು. ಪ್ರತಿಯೊಬ್ಬರಿಗೂ ಮೂಗಿಗೆ ಕಟ್ಟಿಕೊಂಡು ತೋರಿಸಬೇಕು. ಪಕ್ಕದ ಮನೆಯ ಮೈಮುನಾಬಿ ಗಲ್ಲಕ್ಕೆ ಕೈ ಹಚ್ಚಿ ನೋಡಿ, ಮನೆಯಾಕೆಯನ್ನು ಕೇಳಿದಳು.

"ಅಮರಮ್ಮಕ್ಕ, ಇದು ಹಗಲೊತ್ತೂ ಕಟ್ಟಾಕ ಬರತೈತೇನ? ಅಣ್ಣನ ಬಾಯಿ ಸುಮ್ಕರ ಇರತೈತಿ."

ಇಬ್ಬರೂ ನಕ್ಕರು. ಬಟ್ಟಲಿನೊಳಗಿಂದ ಉತ್ತರ ಕೊಡಲು ಆಗಲಿಲ್ಲ.

ಮನೆಯಾಕೆಗೆ ಮಾತ್ರ ನಿದ್ದೆಯಿಲ್ಲವಂತೆ. "ಸಪ್ಪಳ ಇಲ್ದ ನಿದ್ದಿ ಹತ್ತವಲ್ದು ನೋಡ್ರಿ. ಉಸಿರು ನಿಂತೈತೇನೋ ಅಂತ ಎದ್ದೆದ್ದು ನೋಡ್ತೀನಿ" ಎನ್ನುತ್ತಾಳೆ. ಗೊರಕೆ ಇದ್ದಾಗಲೂ ದೂರು, ಹೋದಾಗಲೂ ದೂರು. ಹೆಂಡತಿಗೆ ಸಮಾಧಾನವಾಗುವ ಮಷಿನ್ನನ್ನು ಅಮೆರಿಕದವರು ಇನ್ನೂ ಕಂಡುಹಿಡಿದಿಲ್ಲ.

ನವೆಂಬರ್ ೨೮, ಶನಿವಾರ

ಮಸ್ಕಿಯಲ್ಲಿ ಹೊಸ ಕಾರ್ಯಕರ್ತೆಯರಿಗೆ ತರಬೇತಿ. ಕಾಂಪೌಂಡರ್ ರಹಮಾನಸಾಬ ಎದ್ದು, "ನಮ್ಮ ಕರಿಬಸಪ್ನೋರು ದುರುಗಪ್ಪನ ಕತಿ ಹೇಳ್ತಾರ" ಎಂದು ಘೋಷಿಸಿಬಿಟ್ಟ. ಹೇಳಿದೆ.

ಹಿಂದೆ ಈ ಸೀಮೆಯಲ್ಲಿ ನಾರುಹುಣ್ಣು ಇತ್ತು. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ವರ್ಷ ತುಂಬುವ ಹೊತ್ತಿಗೆ ದಾರದಂಥ ಹುಳ ಹೊರಗೆ ಬರುತ್ತಿತ್ತು. ಅದಕ್ಕೆ ಮದ್ದಿರಲಿಲ್ಲ. ಕೊಡದ ಬಾಯಿಗೆ ಎರಡು ಪದರು ಬಟ್ಟೆ ಕಟ್ಟಿ ನೀರು ಸೋಸುವುದೊಂದೇ ದಾರಿ. "ಬಾಯಿ ಇದ್ದದ್ದಕ್ಕೆಲ್ಲಾ ಎರಡು ಪದರು ಕಟ್ರಿ, ದಿನಾ ಶುದ್ಧ ನೀರಾಗ ತೊಳೀರಿ, ಬಿಸಲಾಗ ಒಣಗಿಸ್ರಿ" ಎಂದು ನಾನು ಊರೂರು ಕೂಗಿದೆ. ನಮ್ಮ ಮನೆಯಲ್ಲೂ ಆ ಪಾಠ ಹೇಳಿದೆ. ಮನೆಯಾಕೆ ಒಂದೇ ಸಲಕ್ಕೆ ಕಲಿತಳು.

ವಳಕಮದಿನ್ನಿಯ ದುರುಗಪ್ಪನೂ ಕಲಿತ. ಎರಡು ಪದರು ಕಟ್ಟಿ ಭಕ್ತಿಯಿಂದ ನೀರು ಸೋಸಿದ. ಆಮೇಲೆ ಬಟ್ಟೆ ತೊಳೆಯಬೇಕಲ್ಲ, ತೊಳೆದ. ಎಲ್ಲಿ ಎಂದರೆ, ಸೋಸಿಟ್ಟ ಅದೇ ಕೊಡದೊಳಗೆ ಅದ್ದಿ. ಇದೇನೋ ಎಂದರೆ, "ಶುದ್ಧ ನೀರಾಗ ತೊಳೀರಿ ಅಂದ್ರೆಲ್ರಿ ಸಾಹೇಬ್ರ, ನಮ್ಮನ್ಯಾಗ ಶುದ್ಧ ನೀರು ಅದೊಂದಽ ಐತಿ" ಎಂದ.

ಕಾರ್ಯಕರ್ತೆಯರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಹನ್ನೆರಡು ವರ್ಷದಿಂದ ಈ ಕಥೆ ಒಮ್ಮೆಯೂ ಕೈಕೊಟ್ಟಿಲ್ಲ. ದುರುಗಪ್ಪ ಮಾತ್ರ ಅಂದಿನಿಂದ ನನ್ನ ಯಾವ ಸಭೆಗೂ ಬಂದಿಲ್ಲ. ತಿಳಿವಳಿಕೆ ಕಡಿಮೆಯಿದ್ದವರಿಗೆ ರೋಷ ಜಾಸ್ತಿ.

ಡಿಸೆಂಬರ್ ೬, ಭಾನುವಾರ

ಭತ್ತ ಬಂತು. ಮನೆಯ ಹಿಂದಿನ ರೈಸ್ ಮಿಲ್ ಹಗಲಿರುಳೂ ಶುರುವಾಯಿತು. ಹೊಟ್ಟಿನ ಧೂಳು, ಹೊಟ್ಟು ಸುಟ್ಟ ಬೂದಿ, ಎರಡೂ ಕಿಟಕಿಯಿಂದ ಒಳಗೆ ಬಂದು ನಮ್ಮ ಜೊತೆಗೇ ಸಂಸಾರ ಮಾಡುತ್ತವೆ. ಬೆಳ್ಳಗಿನ ಅಂಗಿ ಒಣಗುವಷ್ಟರಲ್ಲಿ ಪೊಲೀಸಿನವರ ಅಂಗಿಯಾಗಿರುತ್ತದೆ.

ಮನೆಯಾಕೆ ಮಷಿನ್ನಿನ ಮುಂದೆ ಕೂತು ಬಹಳ ಹೊತ್ತು ನೋಡಿ ಕೇಳಿದಳು. "ಇದು ಗಾಳಿ ಎಲ್ಲಿಂದ ತಗೋತೈತ್ರಿ?"

"ಹಿಂದ ಬಾಯಿ ಐತಿ ನೋಡು. ಅಲ್ಲಿಂದ."

"ಈ ಕೋಲ್ಯಾಗಿನ ಗಾಳೀನಽ? ಈ ಧೂಳಿನ ಗಾಳೀನಽ ನಿಮ್ಮ ಎದಿಗೆ ತುಂಬತೈತೇನ್ರಿ?"

"ಇಲ್ಲ, ದಿನಾ ರಾತ್ರಿ ಊಟಿಯಿಂದ ತರಸತೈತಿ."

ಅವಳು ಮುಂದೆ ಏನೂ ಕೇಳಲಿಲ್ಲ. ಒಂದು ಸಲ ಸರಿಯಾದ ಉತ್ತರ ಕೊಟ್ಟರೆ ಹೆಂಗಸರು ಸುಮ್ಮನಾಗುತ್ತಾರೆ.

ಡಿಸೆಂಬರ್ ೧೭, ಗುರುವಾರ

ಒಂದು ವಾರದಿಂದ ಹೊಸ ಆಟ ಹತ್ತಿದೆ. ರಾತ್ರಿ ಮಷಿನ್ ಇದೆ, ಸರಿ. ಹಗಲು ದಮ್ಮು. ಮಸ್ಕಿ ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ತಿದಿಯಂತೆ ಏರಿಳಿಯುತ್ತದೆ. ಬೆಳಿಗ್ಗೆ ಎದ್ದರೆ ತಲೆಯಲ್ಲಿ ಯಾರೋ ಕಲ್ಲು ಕುಟ್ಟಿದ ಹಾಗೆ. ತೂಕಡಿಕೆಯೂ ಹಳೆಯ ನೆಂಟನಂತೆ ಮರಳಿ ಬಂದಿದೆ. ಮೊದಲು ರಾತ್ರಿ ಉಸಿರಿರಲಿಲ್ಲ, ಹಗಲು ಇತ್ತು. ಈಗ ಅದಲುಬದಲು.

ಮಷಿನ್ನಿನ ಸದ್ದೂ ಬದಲಾಗಿದೆ. ಮೊದಲು ಗುಂಯ್ ಎನ್ನುತ್ತಿದ್ದುದು ಈಗ ರಾತ್ರಿ ಎಚ್ಚರವಾದಾಗ ಮುಲುಗುತ್ತಿರುತ್ತದೆ. ವೋಲ್ಟೇಜು. ಅಮೆರಿಕದ ಮಷಿನ್ನಿಗೆ ಸಿಂಧನೂರಿನ ಕರೆಂಟು ಕುಡಿಸಿದರೆ ಮುಲುಗದೆ ಹಾಡುತ್ತದೆಯೇ.

ಇನ್ನೊಂದು ಕಿರಿಕಿರಿ. ದಿನಾ ಹಗ್ಗದ ಮೇಲೆ ನನ್ನ ಹಳೆಯ ಧೋತರದ ಒಂದು ತುಂಡು ಒಣಗುತ್ತಿರುತ್ತದೆ, ಮುಖಕ್ಕೆ ಬಡಿಯುತ್ತದೆ. ಇದೇನು ಎಂದರೆ "ಸೋಸು ಬಟ್ಟಿ" ಎಂದಳು. ನಲ್ಲಿ ಬಂದು ಎಷ್ಟು ವರ್ಷವಾಯಿತು, ಇನ್ನೂ ಸೋಸುತ್ತಾಳೆ.

ಡಿಸೆಂಬರ್ ೨೬, ಶನಿವಾರ

ದಮ್ಮಿಗೆ ಕಾರಣ ಹೇಳದವರು ಈ ಮೂರೂ ಊರಲ್ಲಿ ಯಾರೂ ಉಳಿದಿಲ್ಲ. ಮೈಮುನಾಬಿಯ ಪ್ರಕಾರ ನೋಡಲು ಬಂದವರ ಕಣ್ಣು ತಾಗಿದೆ. ರಹಮಾನಸಾಬನದು ವೈಜ್ಞಾನಿಕ.

"ರಾತ್ರೆಲ್ಲಾ ಮಷಿನ್ನಽ ದುಡದ್ರ ಪುಪ್ಪಸ ಸೋಮಾರಿ ಆಗ್ತಾವ್ರಿ ಕರಿಬಸಪ್ನೋರ. ಬ್ಯಾರೇದವ್ರು ಕೆಲಸ ಮಾಡಾಕತ್ರ ಯಾರು ಕೈ ಹಚ್ತಾರ? ನಮ್ಮ ಇಲಾಖಿ ನೋಡೀರಿಲ್ಲ."

ಇಲಾಖೆಯ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ.

ಮನೆಯಲ್ಲಿ ಮತ್ತೊಂದು ತಮಾಷೆ. ನನ್ನ ರೋಗ ಮನೆಯಾಕೆಗೆ ಅಂಟಿದೆ. ಮಧ್ಯಾಹ್ನ ಕಾಳು ಆರಿಸುತ್ತ ಮೊರದ ಮೇಲೆಯೇ ತಲೆಯಿಟ್ಟಿದ್ದಳು. "ನಿನಗೂ ಒಂದು ಸೊಂಡಿಲು ತರಸೂನೇನು" ಎಂದೆ. "ಹುಂ ರೀ" ಎಂದು ಹಾಗೇ ನಿದ್ದೆ ಹೋದಳು. ಹಣೆಗೆ ತೊಗರಿಬೇಳೆ ಅಂಟಿತ್ತು.

೧೯೯೯ ಜನವರಿ ೫, ಮಂಗಳವಾರ

ಬಳಗಾನೂರಿನಲ್ಲಿ ಸಭೆ. ದುರುಗಪ್ಪನ ಕಥೆ ಶುರುಮಾಡಿದೆ. ಬಟ್ಟೆ ಕಟ್ಟಿಸಿದೆ, ನೀರು ಸೋಸಿಸಿದೆ. "ಎಲ್ಲಿ ತೊಳೆದ ಅಂದ್ರ" ಎನ್ನುವಲ್ಲಿಗೆ ಉಸಿರು ನಿಂತಿತು. ಬಾಯಿ ತೆರೆದರೆ ಗಾಳಿ ಒಳಗೆ ಹೋಗುವುದಿಲ್ಲ, ಮಾತು ಹೊರಗೆ ಬರುವುದಿಲ್ಲ. ಟೇಬಲ್ ಹಿಡಿದು ನಿಂತೆ. ಜನ ನಗಲು ತಯಾರಾಗಿ ಕಾದರು. ಆಮೇಲೆ ಒಬ್ಬ ಮುದುಕಿ ಎದ್ದು ನೀರು ತಂದಳು.

ಕಥೆಯನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ.

ಜನವರಿ ೯, ಶನಿವಾರ

ಲಿಂಗಸೂಗೂರಿಗೆ ಹೋದೆ. ಈ ಸಲ ಎಚ್ಚರವಿದ್ದೇ ಹೋದೆ. ಡಾಕ್ಟರು ಇ.ಸಿ.ಜಿ. ತೆಗೆದರು, ಎದೆಯ ಎಕ್ಸ್‌ರೇ ತೆಗೆಸಿದರು. ಹೃದಯ ದೊಡ್ಡದಾದಂತೆ ಕಾಣುತ್ತದೆ ಎಂದರು. ನನ್ನದು ದೊಡ್ಡ ಹೃದಯ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ.

"ಮಷಿನ್ ಬರೋಬ್ಬರಿ ನಡದೈತೇನ್ರಿ?" ಎಂದು ಕೇಳಿದರು.

"ಅಮೆರಿಕದ್ದು ರೀ ಅದು. ಕೆಟ್ರ ನಾ ಕೆಡಬೇಕು."

ಮೂರು ವಾರ ಗುಳಿಗೆ. ಅಷ್ಟರಲ್ಲಿ ದಮ್ಮು ಇಳಿಯದಿದ್ದರೆ ಹೈದರಾಬಾದಿನಲ್ಲಿ ಹೃದಯದ ಪರೀಕ್ಷೆಯಾಗಬೇಕು, ಹಳ್ಳಿ ತಿರುಗುವ ನೌಕರಿ ಅಲ್ಲಿಗೆ ಸಾಕು ಎಂದರು. "ತಡ ಮಾಡಬ್ಯಾಡ್ರಿ" ಎಂದು ಎರಡು ಸಲ ಹೇಳಿದರು.

ಬರುವಾಗ ಬಸ್ಸು ತುಂಬಿತ್ತು. ಕಂಬಿ ಹಿಡಿದು ತೇಕುತ್ತ ನಿಂತಿದ್ದಾಗ ಯಾರೋ ತೋಳು ಹಿಡಿದು ಸೀಟಿಗೆ ಕೂಡಿಸಿದರು. ನೋಡಿದರೆ ದುರುಗಪ್ಪ. ಮೀಸೆ ಬೆಳ್ಳಗಾಗಿದೆ.

"ಕುಂದರ್ರಿ ಸಾಹೇಬ್ರ. ದಮ್ಮು ಹತ್ತೇತಿ ನಿಮಗ."

ಅವನ ಕೈಯಲ್ಲಿ ನೀರಿನ ಕ್ಯಾನು, ಅದರ ಬಾಯಿಗೆ ಬಟ್ಟೆ. "ಇನ್ನಾ ಕಟ್ತೀಯೇನೋ? ನಾರುಹುಣ್ಣು ಹೋಗಿ ಭಾಳ ದಿನಾತಲ್ಲ" ಎಂದೆ.

"ಕಟ್ಟು ಅಂದವ್ರು ನೀವಽ. ಬಿಚ್ಚು ಅಂತ ಹೇಳಾಕ ಯಾರೂ ಬಂದಿಲ್ರಿ."

ಇದಕ್ಕೊಂದು ಚಲೋ ಉತ್ತರ ಇತ್ತು. ಹೇಳಲು ಉಸಿರು ಇರಲಿಲ್ಲ. ಸಿಂಧನೂರಿನವರೆಗೂ ಅವನು ನಿಂತೇ ಬಂದ.

ಜನವರಿ ೧೩, ಬುಧವಾರ

ನನಗೆ ಹೆದರಿಕೆಯಾಗಿದೆ. ಇದರಲ್ಲಿ ತಮಾಷೆ ಏನೂ ಇಲ್ಲ.

ಗುಳಿಗೆ ದಿನಾ ನುಂಗುತ್ತಿದ್ದೇನೆ, ದಮ್ಮು ಕಿಂಚಿತ್ತೂ ಇಳಿದಿಲ್ಲ. ಬಚ್ಚಲಿಗೆ ಹೋಗಿ ಬಂದರೂ ಗೋಡೆ ಹಿಡಿದು ನಿಲ್ಲಬೇಕು. ಮನೆಯಾಕೆಗೆ ಡಾಕ್ಟರು ಹೇಳಿದ್ದನ್ನು ಅರ್ಧ ಹೇಳಿದ್ದೆ. ಉಳಿದರ್ಧ ಅವಳೇ ತಿಳಿದುಕೊಂಡಿದ್ದಾಳೆ. ಇವತ್ತು ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತ ಒಲೆಯ ಮುಂದೆ ತೂಕಡಿಸಿ ಕೈ ಸುಟ್ಟುಕೊಂಡಳು. ಬರ್ನಾಲ್ ಹಚ್ಚುವಾಗ ಕಣ್ಣು ನೋಡಿದೆ. ಸುತ್ತ ಕಪ್ಪಾಗಿದೆ.

"ರಾತ್ರಿ ಯಾಕ ಮಲಗವಲ್ಲಿ?" ಎಂದು ಕೇಳಿದೆ.

"ಮಲಗ್ತೀನಲ್ರಿ. ನಿಮಗ ನಿದ್ದಿ ಹತ್ತಿದ ಮ್ಯಾಲೆ ಮಲಗ್ತೀನಿ, ನೀವು ಏಳೂದ್ರಾಗ ಏಳ್ತೀನಿ."

ಲೆಕ್ಕ ಸರಿಯಾಗಿಯೇ ಇದೆ. ಆದರೂ ಏನೋ ಕೂಡುವುದಿಲ್ಲ.

ಜನವರಿ ೨೦, ಬುಧವಾರ

ಬರೆಯಲು ಬಹಳವಿದೆ. ಎಲ್ಲಿಂದ ಶುರುಮಾಡಲಿ.

ನಿನ್ನೆಯಿಂದ ಅವಳಿಗೆ ಜ್ವರ. ಇವತ್ತು ಬಿಸಿಲು ಅಂಗಳಕ್ಕೆ ಬಂದರೂ ಎದ್ದಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳಿಗಿಂತ ಮೊದಲು ನಾನು ಎದ್ದದ್ದು ಇದೇ ಮೊದಲು. ಮಷಿನ್ ಬಂದ್ ಮಾಡೋಣವೆಂದು ಬಗ್ಗಿದೆ. ಅದರ ಹಿಂಭಾಗಕ್ಕೆ ಬಟ್ಟೆ ಕಟ್ಟಿತ್ತು.

ನನ್ನ ಹಳೆಯ ಧೋತರ. ಎರಡು ಪದರು. ಒದ್ದೆ. ಗಾಳಿ ಎಳೆಯುವ ಬಾಯಿಯ ಮೇಲೆ ಬಿಗಿಯಾಗಿ ಸುತ್ತಿ, ಲಂಗದ ಲಾಡಿಯಿಂದ ಗಂಟು ಹಾಕಿತ್ತು. ಹೊಟ್ಟಿನ ಧೂಳು ಹತ್ತಿ ಬಟ್ಟೆ ಕರಿ ಕೆಸರಾಗಿ ಮೆತ್ತಿಕೊಂಡಿತ್ತು. ಮೂಗಿನ ಬಟ್ಟಲಿಗೆ ಅಂಗೈ ಒಡ್ಡಿದೆ. ಗಾಳಿ ಬರುತ್ತಿತ್ತು, ಮಗು ದೀಪ ಆರಿಸಿದಷ್ಟು. ಗಂಟು ಬಿಚ್ಚಿದೆ. ಮಷಿನ್ ಮುಲುಗುವುದನ್ನು ಬಿಟ್ಟು ಗುಂಯ್ ಎಂದಿತು. ಗಾಳಿ ರಭಸದಿಂದ ಅಂಗೈಗೆ ಬಡಿಯಿತು.

ಒಂದೂವರೆ ತಿಂಗಳು ನಾನು ಉಸಿರಾಡಿದ್ದು ಒದ್ದೆ ಧೋತರದ ಮೂಲಕ.

ಸದ್ದು ಬದಲಾದದ್ದಕ್ಕೆ ಅವಳು ಎದ್ದಳು. ನನ್ನ ಕೈಯಲ್ಲಿ ಬಟ್ಟೆ ನೋಡಿದಳು. ಕಳ್ಳತನ ಸಿಕ್ಕಿಬಿದ್ದ ಮುಖವಿರಲಿಲ್ಲ, ಕೆಲಸ ತಪ್ಪಿದ ಮುಖವಿತ್ತು.

"ತಡಾತ್ರಿ ಇವತ್ತ. ಕೊಡ್ರಿ, ತೊಳೀತೀನಿ."

"ಯಾವಾಗಿಂದ ಕಟ್ಟಾಕತ್ತೀದಿ ಇದನ್ನ?"

"ಮಿಲ್ಲು ಶುರುವಾದಾಗಿಂದ. ನಿಮಗ ನಿದ್ದಿ ಹತ್ತಿದ ಮ್ಯಾಲೆ ಕಟ್ಟಿ, ಏಳೂದ್ರಾಗ ಬಿಚ್ಚತಿದ್ದೆ. ಬಾಯಿ ಇದ್ದದ್ದಕ್ಕೆಲ್ಲಾ ಎರಡು ಪದರು ಕಟ್ಟಬೇಕು ಅಂತ ನೀವಽ ಹೇಳಿದ್ರೆಲ್ಲ. ದಿನಾ ತೊಳದೀನಿ, ಬಿಸಲಾಗ ಒಣಗಸೀನಿ. ಒಣಾ ಬಟ್ಟಿಗೆ ಧೂಳು ನಿಂದ್ರಲ್ಲ ಅಂತ ತೋಯಿಸಿ ಕಟ್ಟತಿದ್ದೆ. ನಡುವ ಆರಿತಂದ್ರ ಎದ್ದು ಮತ್ತ ತೋಯಿಸ್ತಿದ್ದೆ."

"ನನಗ ಯಾಕ ಹೇಳಲಿಲ್ಲ?"

ಸುಟ್ಟ ಕೈಯನ್ನು ನೋಡಿಕೊಂಡಳು.

"ಹೇಳಿದ್ರ ನನ್ನೂ ಊರೂರಿಗೆ ಕತಿ ಮಾಡಿ ಹೇಳ್ತಿದ್ರಿ. ದುರುಗಪ್ಪನ ಗತಿ ನೋಡೀನಲ್ರಿ. ನಿಮ್ಮ ಎದಿಯಾಗ ಧೂಳು ಹೋಗಬಾರದು, ಅಷ್ಟಽ ಇತ್ತು ನನಗ."

ಬೈಯಲು ಬಾಯಿ ತೆರೆದಿದ್ದೆ. ಬೈಗುಳಗಳು ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಚಲೋ. ಅವಳ ಹಣೆ ಮುಟ್ಟಿ ನೋಡಿದೆ, ಸುಡುತ್ತಿತ್ತು.

ಮಷಿನ್ನಿನ ಹಿಂದಿನ ಮುಚ್ಚಳ ತೆಗೆದು ತೋರಿಸಿದೆ. ಒಳಗೆ ಸಣ್ಣ ಸ್ಪಂಜಿನ ತುಂಡಿದೆ. "ನೋಡು, ಸೋಸೋದನ್ನ ಕಂಪನಿಯವ್ರಽ ಇಲ್ಲಿ ಇಟ್ಟಾರ. ಇದಕ್ಕ ಬಟ್ಟಿ ಬ್ಯಾಡ. ಕಿಟಕಿಗೆ ಯಾರೂ ಇಟ್ಟಿಲ್ಲ. ಧೂಳು ಬರೋದು ಅಲ್ಲಿಂದ. ಅಲ್ಲಿ ಕಟ್ಟು."

ಅವಳು ಕಿಟಕಿ ನೋಡಿದಳು, ಮಷಿನ್ ನೋಡಿದಳು, ನನ್ನನ್ನು ನೋಡಿದಳು.

"ಹಂಗಾರ ನಾ ಮಾಡಿದ್ದು ತಪ್ಪಾತೇನ್ರಿ? ನಿಮ್ಮ ದಮ್ಮು..."

"ದಮ್ಮು ಎದೀದು, ಡಾಕ್ಟರು ಗುಳಿಗಿ ಕೊಟ್ಟಾರ. ಬಟ್ಟಿ ಕಟ್ಟಿದ್ದು ತಪ್ಪಲ್ಲ, ಜಾಗಾ ಅಷ್ಟಽ ಬ್ಯಾರೆ."

ಮಧ್ಯಾಹ್ನ ಇಬ್ಬರೂ ಸೇರಿ ಕಿಟಕಿಗೆ ಕಟ್ಟಿದೆವು. ಅಮರಮ್ಮ ಜ್ವರದಲ್ಲೂ ಅಂಚು ಮಡಚಿ ಹೊಲಿದಳು. ಆಸ್ಪತ್ರೆಗೆ ರಜೆ ಹೇಳಿ ಕಳಿಸಿ, ಗಂಜಿ ನಾನೇ ಮಾಡಿದೆ. ಉಪ್ಪು ಹೆಚ್ಚಾಯಿತು, ಕುಡಿದಳು.

ಜನವರಿ ೨೪, ಭಾನುವಾರ

ಅಮರಮ್ಮ ನಿನ್ನೆ ಸಂಜೆ ಮಲಗಿದವಳು ಇವತ್ತು ಹಾಲಿನವನು ಕೂಗಿದರೂ ಏಳಲಿಲ್ಲ. ಸಣ್ಣಗೆ ಗೊರಕೆ ಹೊಡೆಯುತ್ತಾಳೆ ಎಂದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ, ನನ್ನದೇ ಜಾತ್ರೆ ನಡೆದಿತ್ತು.

ತಲೆನೋವಿಲ್ಲ. ಮಾರ್ಕೆಟ್ಟಿಗೆ ನಡೆದು ಹೋಗಿ, ನಡೆದೇ ಬಂದೆ.

ಜನವರಿ ೩೦, ಶನಿವಾರ

ಲಿಂಗಸೂಗೂರು. ಅಮರಮ್ಮ ತಾನೂ ಬರುತ್ತೇನೆಂದು ಬಂದಳು. ಹೊಸ ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರು ಹಳೆಯದರ ಪಕ್ಕದಲ್ಲಿಟ್ಟು ನೋಡಿದರು.

"ಹೃದಯ ಬರೋಬ್ಬರಿ ಐತ್ರಿ. ಹೋದ ಸಲ ನಿಮಗ ಉಸಿರು ಪೂರಾ ಎಳಿಯಾಕ ಆಗಿರಲಿಲ್ಲ, ಫೋಟೋದಾಗ ದೊಡ್ಡದು ಕಂಡೈತಿ. ಈಗ ದಮ್ಮು ಹೆಂಗೈತಿ?"

"ಇಲ್ರಿ."

"ಏನು ಬದಲು ಮಾಡಿದ್ರಿ?"

"ನಿಮ್ಮ ಗುಳಿಗಿ ಹತ್ತಿದವು" ಎಂದೆ.

"ಬಟ್ಟೀನೂ ಹತ್ತೇತ್ರಿ ಡಾಕ್ಟ್ರ" ಎಂದಳು ಅಮರಮ್ಮ. "ಕಿಟಕಿಗೆ ಎರಡು ಪದರು ಕಟ್ಟೀವಿ."

ಡಾಕ್ಟರು ನನ್ನ ಮುಖ ನೋಡಿದರು. "ಹೌದ್ರಿ, ಬಟ್ಟೀನೂ ಹತ್ತೇತಿ. ಆಕೀದಽ ಉಪಾಯ" ಎಂದೆ. ಚಲೋ ಮಾಡೀರಿ ತಾಯಿ ಎಂದರು ಅವರು. ಹೈದರಾಬಾದಿಗೆ ಹೋಗುವುದು ಬೇಡ, ನೌಕರಿ ಬಿಡುವುದೂ ಬೇಡ. ಹೊರಗೆ ಬಂದು ಇಬ್ಬರೂ ಮಿರ್ಚಿ ತಿಂದೆವು. ಚಹಾ ಅಂಗಡಿಯವನು ಮತ್ತೆ ಇಲ್ಲಿಗೇ ವರ್ಗವಾಯಿತೇ ಎಂದು ಕೇಳಿದ.

ಫೆಬ್ರವರಿ ೬, ಶನಿವಾರ

ಮಸ್ಕಿಯಲ್ಲಿ ತರಬೇತಿಯ ಕೊನೆಯ ದಿನ. ಊಟವಾದ ಮೇಲೆ ರಹಮಾನಸಾಬ ಎದ್ದು, "ಕರಿಬಸಪ್ನೋರು ಆರಾಮಾಗಿ ಬಂದಾರ. ಕತಿ ಒಂದು ಆಗ್ಲಿ" ಎಂದ. ಎಲ್ಲರೂ ಚಪ್ಪಾಳೆ ಹೊಡೆದರು.

ಎದ್ದು ನಿಂತೆ. ದುರುಗಪ್ಪನದಿತ್ತು. ಅದಕ್ಕಿಂತ ಹತ್ತು ಪಾಲು ಚಲೋದು ಇನ್ನೊಂದಿತ್ತು, ಇದುವರೆಗೆ ಯಾರಿಗೂ ಹೇಳದ್ದು. ಹೇಳಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು.

"ಉಸಿರು ಸಾಲವಲ್ದು. ಇನ್ನೊಮ್ಮೆ ನೋಡೂನು" ಎಂದು ಕೂತುಬಿಟ್ಟೆ. ಅಯ್ಯೋ ಪಾಪ ಎಂದು ಯಾರೋ ಫ್ಯಾನ್ ಹಾಕಿದರು.

ಬಸ್ ಸ್ಟ್ಯಾಂಡಿನಿಂದ ಮನೆಗೆ ಎಲ್ಲೂ ನಿಲ್ಲದೆ ನಡೆದು ಬಂದೆ. ಅಮರಮ್ಮ ಕಿಟಕಿಯ ಬಟ್ಟೆ ತೊಳೆದು ಹಿಂಡುತ್ತಿದ್ದಳು. ಕೈಗಿನ್ನೂ ಸುಟ್ಟ ಗಾಯವಿದೆ ಎಂದು ನಾನೇ ಇಸಿದುಕೊಂಡು ಹಗ್ಗಕ್ಕೆ ಹಾಕಿದೆ.

"ಹಂಗಲ್ರಿ. ಎರಡೂ ಪದರು ಬಿಡಿಸಿ ಹಾಕ್ರಿ, ಇಲ್ಲಂದ್ರ ಒಣಗೂದಿಲ್ಲ" ಎಂದಳು.

ಬಿಡಿಸಿ ಹಾಕಿದೆ.